ಮಾಳಿಗೆ ಮನೆಯ ಮರ ಎಲ್ಲೆಲ್ಲಿಗೆ ಹೋಯಿತು: ದಾವಣಗೆರೆಯ ಒಂದು ಪ್ರಕರಣ ಅಧ್ಯಯನ

ಹಳೇ ದಾವಣಗೆರೆಯಲ್ಲಿ ಮನೆ ಕೆಡವುವ ಕೆಲಸ ಈಗ ದಿನಾ ನಡೆಯುತ್ತದೆ. ಚೌಕಿಪೇಟೆ, ದೊಡ್ಡಪೇಟೆ ಕಡೆ ಒಂದು ಸುತ್ತು ಹಾಕಿದರೆ ಯಾವುದಾದರೂ ಓಣಿಯಲ್ಲಿ ಮಣ್ಣಿನ ಧೂಳು ಎದ್ದಿರುತ್ತದೆ. ಕೆಡವಿದ ಮನೆಯ ಕಬ್ಬಿಣ ಗುಜರಿಗೆ ಹೋಗುತ್ತದೆ. ಕಲ್ಲು ಇನ್ನೊಬ್ಬರ ಪಾಯಕ್ಕೆ, ಮಣ್ಣು ಯಾವುದೋ ತಗ್ಗಿಗೆ. ಮರ ಏನಾಯಿತು ಅಂತ ಕೇಳಿದರೆ "ಹೋಯ್ತು ಬಿಡ್ರಿ ಸೌದೆಗೆ" ಅನ್ನುವ ಉತ್ತರವೇ ಜಾಸ್ತಿ.

ನಾನು ಮೇಲುಸ್ತುವಾರಿ ನೋಡಿಕೊಂಡ ಒಂದು ಮನೆಯ ವಿವರ ಇಲ್ಲಿದೆ. ಮೂವರು ಅಣ್ಣತಮ್ಮಂದಿರ ಮಾಳಿಗೆ ಮನೆ, ಅಂದರೆ ಮರದ ತೊಲೆ ಮೇಲೆ ಮಣ್ಣು ಹಾಸಿದ ಚಪ್ಪಟೆ ಚಾವಣಿಯ ಮನೆ. ಹಳೆಯದನ್ನು ತೆಗೆದು ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಬೇಕಿತ್ತು. ಹಿತ್ತಲು ಸ್ವಚ್ಛ ಮಾಡುವುದೂ ಆ ಕೆಲಸದಲ್ಲೇ ಸೇರಿತ್ತು. ಈ ಮನೆಯಲ್ಲಿ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಹಳೇ ಮರ ಮತ್ತೆ ಬಳಕೆಗೆ ಬರುತ್ತದೋ ಬೂದಿಯಾಗುತ್ತದೋ ಅನ್ನುವುದು ಕರಾರು ಬರೆಯುವ ದಿನವೇ ಮುಕ್ಕಾಲು ಪಾಲು ತೀರ್ಮಾನ ಆಗಿಬಿಡುತ್ತದೆ.

ಮನೆ ಹೇಗಿತ್ತು

ಮುಂದೆ ಕಟ್ಟೆ, ಒಳಗೆ ಪಡಸಾಲೆ, ಎರಡು ಕೋಣೆ, ಅಡುಗೆಮನೆ, ಹಿಂದೆ ಹಿತ್ತಲು. ಗೋಡೆ ಕಲ್ಲು ಮಣ್ಣಿನದು. ಗೋಡೆಯಿಂದ ಗೋಡೆಗೆ ತೊಲೆ, ತೊಲೆ ಮೇಲೆ ಜಂತೆ, ಜಂತೆ ಮೇಲೆ ಬಿದಿರು ಮತ್ತು ಹಲಗೆ ಚೂರು, ಅದರ ಮೇಲೆ ಮಣ್ಣು. ಪಡಸಾಲೆಯ ಕಂಬಗಳು, ಕಂಬದ ತಲೆಯ ಮೇಲೆ ಕೂರುವ ಬೋದಿಗೆ, ಮುಂಬಾಗಿಲು ಸಾಗುವಾನಿ. ತೊಲೆಗಳಲ್ಲಿ ಕೆಲವು ಮತ್ತಿ, ಕೆಲವು ಬೇವು. ಹಿಂದಿನ ಕೋಣೆಯ ಜಂತೆಗಳು ಜಾಲಿಮರದವು. ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಇದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ. ನಾಲ್ಕು ಜನ ಬಂದು ಕೂರುವ ಜಾಗಕ್ಕೆ ಮಲೆನಾಡಿನ ಮರ, ಒಳಮನೆಗೆ ಹೊಲದ ಬದುವಿನ ಮರ.

ಆಮೇಲೆ ಸೇರಿಕೊಂಡದ್ದೂ ಇತ್ತು. ಅಣ್ಣತಮ್ಮಂದಿರ ಮಧ್ಯೆ ಕೋಣೆ ಹಂಚಲು ಹಾಕಿಸಿದ ಪ್ಲೈವುಡ್ ಪಾರ್ಟಿಷನ್, ಸನ್‌ಮೈಕಾ ಹಚ್ಚಿದ ಕಪಾಟು, ಕಿಟಕಿಗಳ ಮೇಲೆ ಪದರದ ಮೇಲೆ ಪದರ ಎಣ್ಣೆ ಬಣ್ಣ. ಹಿತ್ತಲ ತುಂಬ ಬಳ್ಳಾರಿ ಜಾಲಿ, ಮೂಲೆಯಲ್ಲಿ ಒಂದು ದೊಡ್ಡ ಬೇವಿನ ಮರ.

ಎರಡು ಕರಾರು

ಮೊದಲು ಬಂದ ಗುತ್ತಿಗೆದಾರರ ಮಾತು ಸಲೀಸಾಗಿತ್ತು. ಹಿಂದಿನ ಓಣಿಯಿಂದ ಜೆಸಿಬಿ ತರುತ್ತೇನೆ, ಎರಡು ದಿನದಲ್ಲಿ ನೆಲ ಸಮ ಮಾಡಿ ಕೊಡುತ್ತೇನೆ, ಮರ ಕಬ್ಬಿಣ ಎಲ್ಲ ನನ್ನದು, ನಿಮ್ಮ ಕೈಗೇ ಇಷ್ಟು ದುಡ್ಡು ಕೊಡುತ್ತೇನೆ. ಮನೆ ಕೆಡವಿಸಿಕೊಂಡು ಮೇಲೆ ದುಡ್ಡೂ ಬರುವುದಾದರೆ ಯಾರಿಗೆ ಬೇಡ? ದೊಡ್ಡಣ್ಣ ಒಪ್ಪುವ ಹಾಗೇ ಇದ್ದರು.

ಆ ದುಡ್ಡನ್ನು ಅವರು ಯಾವ ಲೆಕ್ಕದಲ್ಲಿ ಕೊಡುತ್ತಾರೆ ಅಂತ ನೋಡಬೇಕು. ಜೆಸಿಬಿಯ ಬಕೆಟ್ ಗೋಡೆಗೆ ತಾಗಿದಾಗ ತೊಲೆ ಗೋಡೆಯೊಳಗೆ ಸಿಕ್ಕಿಕೊಂಡೇ ಇರುತ್ತದೆ. ಒಂದು ತುದಿ ಬಿದ್ದು ಇನ್ನೊಂದು ತುದಿ ಹಿಡಿದುಕೊಂಡಾಗ ತೊಲೆ ಉದ್ದಕ್ಕೆ ಸೀಳುತ್ತದೆ. ಕಂಬದ ತಲೆಯ ಬೋದಿಗೆ ಒಡೆಯುತ್ತದೆ. ಇಷ್ಟು ಮುರಿಯುತ್ತದೆ ಅಂತ ಗುತ್ತಿಗೆದಾರರು ಮೊದಲೇ ಕಳೆದಿರುತ್ತಾರೆ. ಉಳಿದದ್ದು ತೂಕದ ಲೆಕ್ಕದಲ್ಲಿ ಸೌದೆ. ಬಣ್ಣದ ಕಿಟಕಿ, ಪ್ಲೈವುಡ್, ಸಾಗುವಾನಿ ಚೂರು ಎಲ್ಲ ಒಂದೇ ಟ್ರೇಲರ್‌ಗೆ.

ಒಂದು ತೊಲೆಯ ಲೆಕ್ಕ ಮಾಡಿ ತೋರಿಸಿದೆ. ಮರದ ಅಂಗಡಿಯಲ್ಲಿ ಘನ ಅಡಿ ಹಾಕುವ ಲೆಕ್ಕ ಗೊತ್ತಲ್ವಾ: ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸುವುದು. 12 ಅಡಿ ಉದ್ದ, 8 ಇಂಚು ಅಗಲ, 6 ಇಂಚು ದಪ್ಪದ ತೊಲೆ ಅಂದರೆ 4 ಘನ ಅಡಿ. ಗೋಡೆಯೊಳಗಿದ್ದ ಎರಡೂ ತುದಿ ಹಾಳಾಗಿರುತ್ತದೆ, ಅರ್ಧರ್ಧ ಅಡಿ ಕಡಿಯಬೇಕು. ನಾಲ್ಕೂ ಮೈ ಅರ್ಧ ಇಂಚು ಕೆತ್ತಬೇಕು. ಆಗ ಉಳಿಯುವುದು 11 ಅಡಿ, 7 ಇಂಚು, 5 ಇಂಚು. ಲೆಕ್ಕ ಹಾಕಿದರೆ ಸುಮಾರು 2.67 ಘನ ಅಡಿ. ಜೋಪಾನವಾಗಿ ಇಳಿಸಿದರೂ ಮೂರರಲ್ಲಿ ಒಂದು ಪಾಲು ಹೋಯಿತು. ಇದರ ಮೇಲೆ ನಡುವೆ ಒಂದು ಸೀಳು ಬಿದ್ದರೆ ಚೌಕಟ್ಟಿಗೆ ಬೇಕಾದ ಉದ್ದ ಸಿಗುವುದೇ ಇಲ್ಲ. ಹೊಸ ಸಾಗುವಾನಿಗೆ ಘನ ಅಡಿಗೆ ಸಾವಿರಾರು ರೂಪಾಯಿ ಕೊಡುವ ಕಾಲದಲ್ಲಿ ಆ ಸೀಳಿನ ಬೆಲೆ ಎಷ್ಟು ಅಂತ ಮನೆಯವರೇ ಯೋಚನೆ ಮಾಡಲಿ ಅಂತ ಬಿಟ್ಟೆ.

ಲೆಕ್ಕಕ್ಕಿಂತ ತಾಯಿಯ ಮಾತು ಕೆಲಸ ಮಾಡಿತು. "ಆ ಕಂಬಕ್ಕೆ ನಿಮ್ಮಪ್ಪ ವರ್ಷಾ ವರ್ಷಾ ಎಣ್ಣೆ ಹಚ್ಚೋರು. ಅದನ್ನ ಮುರುದು ಒಲಿಗೆ ಹಾಕ್ತೀರೇನ್ರೋ?" ಅಂದರು. ದೊಡ್ಡಣ್ಣ ಆಮೇಲೆ ಜೆಸಿಬಿ ಮಾತು ಎತ್ತಲಿಲ್ಲ.

ಎರಡನೇ ಕರಾರು ಕೈಯಲ್ಲಿ ಬಿಚ್ಚುವ ಮೇಸ್ತ್ರಿಯ ಜೊತೆ ಆಯಿತು. ಮರ ಮನೆಯವರಿಗೆ, ಕೂಲಿ ಮೇಸ್ತ್ರಿಗೆ. ಇಲ್ಲಿ ಒಂದು ಷರತ್ತು ಸೇರಿಸಿದೆವು, ನನ್ನ ಪ್ರಕಾರ ಇಡೀ ಪ್ರಕರಣದ ಜೀವ ಅದೇ. ಕೆಡವುವ ಕೂಲಿ ಬೇರೆ. ಅದಲ್ಲದೆ 6 ಅಡಿಗಿಂತ ಉದ್ದದ, ಸೀಳು ಬೀಳದ ಪ್ರತಿ ತುಂಡಿಗೂ ಘನ ಅಡಿ ಲೆಕ್ಕದಲ್ಲಿ ಮೇಲೆ ದುಡ್ಡು. ಆ ದುಡ್ಡು ಆಳುಗಳ ಕೈಗೇ, ವಾರದ ಬಟವಾಡೆಯ ದಿನವೇ. ಮರ ಉಳಿಸಿದರೆ ತಮಗೇನು ಅಂತ ಕೇಳುವ ಹಕ್ಕು ಬಿಸಿಲಲ್ಲಿ ಹಾರೆ ಹಿಡಿದವರಿಗೆ ಇದ್ದೇ ಇದೆ. ಅದಕ್ಕೆ ಉತ್ತರ ಕರಾರಿನಲ್ಲೇ ಇರಬೇಕು.

ಮೇಲಿನಿಂದ ಕೆಳಗೆ

ಮೊದಲು ಇಳಿಸಿದ್ದು ಮಾಳಿಗೆಯ ಮಣ್ಣು. ಆ ಮಣ್ಣಿನ ಭಾರ ಎಷ್ಟು ಅಂತ ಕೆಳಗೆ ನಿಂತವರಿಗೆ ಅಂದಾಜೇ ಇರುವುದಿಲ್ಲ. 9 ಇಂಚು ದಪ್ಪದ ಮಣ್ಣು ಅಂದರೆ ಚದರ ಅಡಿಗೆ ಸುಮಾರು 36 ಕೆ.ಜಿ. 12 ಅಡಿಗೆ 10 ಅಡಿಯ ಒಂದು ಕೋಣೆಯ ಮೇಲೆ ನಾಲ್ಕು ಟನ್ನಿಗೂ ಜಾಸ್ತಿ. ಅಷ್ಟು ಭಾರ ಮೇಲಿರುವಾಗ ಒಂದು ಜಂತೆ ಎಳೆದರೆ ಉಳಿದವು ಮುರಿದುಕೊಂಡು ಕೆಳಗೆ ಬರುತ್ತವೆ, ಜನರ ಮೇಲೂ ಬೀಳಬಹುದು. ಹಾಗಾಗಿ ನಡುವಿನಿಂದ ಎರಡೂ ಕಡೆಗೆ ಸಮನಾಗಿ ಮಣ್ಣು ಸರಿಸುತ್ತ ಬಂದರು. ತೊಲೆಗಳ ಕೆಳಗೆ ಮೊದಲೇ ಸರ್ವೆ ಕಂಬದ ಆಸರೆ ಕೊಟ್ಟಿದ್ದೆವು. ಇಳಿಸಿದ ಮಣ್ಣು ಹೊಸ ಮನೆಯ ಪಾಯದೊಳಗೆ ತುಂಬಲು ಅಲ್ಲೇ ಉಳಿಯಿತು.

ಆಮೇಲೆ ಬಿದಿರು, ಹಲಗೆ ಚೂರು, ಜಂತೆ. ಜಂತೆಯನ್ನು ಹಾರೆಯಿಂದ ಮೀಟದೆ ಅಡಿಯಿಂದ ಕೊಡತಿಯಲ್ಲಿ ತಟ್ಟಿ ಸಡಿಲ ಮಾಡಿ ಎತ್ತಿದರು. ತೊಲೆಯ ಸರದಿ ಬಂದಾಗ ಗೋಡೆಯ ತಲೆಯ ಕಲ್ಲುಗಳನ್ನು ಬಿಡಿಸಿ, ತುದಿ ಪೂರ್ತಿ ಕಾಣುವ ಹಾಗೆ ಮಾಡಿಕೊಂಡು, ಎರಡೂ ಕಡೆ ಹಗ್ಗ ಕಟ್ಟಿ ಇಳಿಸಿದರು. ಇಂಥ ಒಂದು ತೊಲೆ ಮರ ನೋಡಿಕೊಂಡು 75ರಿಂದ 100 ಕೆ.ಜಿ. ತೂಗುತ್ತದೆ. ನಾಲ್ಕು ಜನ ಹೊರುವಷ್ಟೇ ಭಾರ, ಆದರೆ ಗೋಡೆ ಮೇಲೆ ನಿಂತು ಇಳಿಸುವುದು ಬೇರೆ ಮಾತು.

ಕಂಬಗಳು ಕೊನೆಗೆ. ಕಲ್ಲಿನ ಕುಂಭಿಯ ಮೇಲೆ ಕೂತಿದ್ದ ಕಂಬಗಳ ಬುಡಕ್ಕೆ ಒಂದು ಚೂರೂ ಗೆದ್ದಲು ಹತ್ತಿರಲಿಲ್ಲ. ಗೋಡೆಯ ಮಣ್ಣಿನೊಳಗಿದ್ದ ತೊಲೆ ತುದಿಗಳು ಮಾತ್ರ ಒಳಗೆ ಟೊಳ್ಳಾಗಿದ್ದವು. ಗೆದ್ದಲಿಗೆ ಮಣ್ಣು ಮತ್ತು ಪಸೆ ಎರಡೂ ಬೇಕು. ಮರವನ್ನು ನೆಲದಿಂದ ಎತ್ತಿ ಕಲ್ಲಿನ ಮೇಲೆ ಕೂರಿಸಿದವರು ಇದನ್ನು ತಿಳಿದೇ ಮಾಡಿದ್ದರು.

ಮೊಳೆ

ಹಳೇ ಮರ ಕೊಯ್ದುಕೊಡಲು ಸಾಮಿಲ್ಲುಗಳು ಹಿಂದೆ ಮುಂದೆ ನೋಡುತ್ತವೆ. ಕಾರಣ ಮೊಳೆ. ಒಂದು ಮೊಳೆ ಸಿಕ್ಕರೆ ಬ್ಯಾಂಡ್ ಗರಗಸದ ಹಲ್ಲು ಹೋಗುತ್ತದೆ, ಕೆಲವೊಮ್ಮೆ ಪಟ್ಟಿಯೇ ಹರಿಯುತ್ತದೆ, ಎದುರು ನಿಂತವನ ಜೀವಕ್ಕೂ ಅಪಾಯ. ನಾವು ಮಾತಾಡಿಸಿದ ಸಾಮಿಲ್ಲಿನವರು ನೇರವಾಗಿ ಹೇಳಿದರು: "ಮೊಳೆ ತಗ್ದು ತರ್ರಿ, ಬ್ಲೇಡ್ ಹೋದ್ರೆ ನಿಮ್ದೇ ಖರ್ಚು."

ಈ ಕೆಲಸಕ್ಕೆ ಒಬ್ಬ ವಯಸ್ಸಾದ ಬಡಗಿ ಆಚಾರ್ರನ್ನು ಕರೆದೆವು. ಅವರು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಬೇಕು. ತೊಲೆಯನ್ನು ಎರಡು ಕಲ್ಲಿನ ಮೇಲೆ ಮಲಗಿಸಿ, ಮೊದಲು ತೆಂಗಿನ ಕಡ್ಡಿ ಪೊರಕೆಯಲ್ಲಿ ಮಣ್ಣು ಉಜ್ಜಿದರು. ಹಳೇ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತಕ್ಕೆ ದಾರ ಕಟ್ಟಿ ತೊಲೆಯ ಮೇಲೆ ಗೇಣುಗೇಣಿಗೂ ಇಳಿಬಿಟ್ಟರು. ತಲೆ ತುಕ್ಕು ಹಿಡಿದು ಉದುರಿಹೋದ ಚೌಕ ಮೊಳೆಗಳು ಕಣ್ಣಿಗೆ ಕಾಣುವುದಿಲ್ಲ, ಅಯಸ್ಕಾಂತ ಅಲ್ಲಿ ವಾಲುತ್ತದೆ. ಎಲ್ಲಿ ಮರ ಕಪ್ಪಗೆ ಮಸಿ ಚೆಲ್ಲಿದ ಹಾಗೆ ಇದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕಿದರು. ಮರದ ಒಗರಿಗೆ ಕಬ್ಬಿಣದ ತುಕ್ಕು ಸೇರಿದರೆ ಹಾಗೆ ಕಪ್ಪಾಗುತ್ತದೆ. ಕಪ್ಪು ಕಂಡಲ್ಲಿ ಕಬ್ಬಿಣ ಇದೆ ಅಂತಲೇ ಅರ್ಥ. ಗುರುತು ಹಾಕಿದ ಕಡೆಯೆಲ್ಲ ಸಣ್ಣ ಉಳಿಯಲ್ಲಿ ಸುತ್ತ ಕೆತ್ತಿ ಇಕ್ಕಳದಲ್ಲಿ ಎಳೆದರು. ಎಳೆಯಲು ಬಾರದ ಮೊಳೆ ಇದ್ದ ಜಾಗದಲ್ಲಿ ತೊಲೆಯನ್ನೇ ತುಂಡು ಮಾಡಿಸಿದರು.

ಜೊತೆಗೆ ಸುತ್ತಿಗೆಯಲ್ಲಿ ಉದ್ದಕ್ಕೂ ತಟ್ಟುತ್ತ ಕಿವಿಗೊಟ್ಟರು. ಗಟ್ಟಿ ಮರ ಟಣ್ ಅನ್ನುತ್ತದೆ, ಒಳಗೆ ತಿಂದಿದ್ದರೆ ಬದ್ದೆನ್ನುತ್ತದೆ. ತಟ್ಟಿದಾಗ ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ. ಅಂಥ ತುಂಡುಗಳನ್ನು ಬೇರೆ ಇಟ್ಟರು. ಹೊಸ ಮನೆಗೆ ಹೋಗುವ ಮರಕ್ಕೆ ಕೊಯ್ಸಿದ ಮೇಲೆ ಬೊರಾಕ್ಸ್ ಮತ್ತು ಬೋರಿಕ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಎರಡು ಸಲ ಬಳಿದರು.

ಸಾಮಿಲ್ಲಿನಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ. ಬ್ಲೇಡ್ ಹೋಗಲಿಲ್ಲ, ಅಷ್ಟೇ.

ಮರದಲ್ಲೇ ಮೂರು ಗುಂಪು

ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ ಕಟ್ಟಡ ನಿರ್ಮಾಣ ಮತ್ತು ಕೆಡವಿದ ತ್ಯಾಜ್ಯದ ನಿಯಮ ತಂದಿತು. ದಿನಕ್ಕೆ 20 ಟನ್ ಅಥವಾ ಒಂದು ಕೆಲಸದಲ್ಲಿ ತಿಂಗಳಿಗೆ 300 ಟನ್ ದಾಟಿದರೆ ತ್ಯಾಜ್ಯವನ್ನು ನಾಲ್ಕು ಗುಂಪು ಮಾಡಬೇಕು ಅನ್ನುತ್ತಿತ್ತು 2026ರ ಮಾರ್ಚ್ ತನಕ ಇದ್ದ ಆ ನಿಯಮ. ಮಾಳಿಗೆ ಮನೆಯನ್ನು ಜೆಸಿಬಿ ಹಾಕಿ ಎರಡು ದಿನದಲ್ಲಿ ಕೆಡವಿದರೆ 20 ಟನ್ ದಾಟೇ ದಾಟುತ್ತದೆ. ಒಂದು ಕೋಣೆಯ ಮೇಲಿನ ಮಣ್ಣೇ ನಾಲ್ಕು ಟನ್ ಇರುವಾಗ ಗೋಡೆಯ ಕಲ್ಲು ಬೇರೆ ಹೇಳಬೇಕೇ? ಮನೆ ಸಣ್ಣದು, ನಮಗ್ಯಾಕೆ ನಿಯಮ ಅನ್ನುವ ಮಾತು ನಿಲ್ಲುತ್ತಿರಲಿಲ್ಲ.

ಆದರೆ ಆ ನಿಯಮದ ಗುಂಪಿನಲ್ಲಿ ಕಬ್ಬಿಣ, ಮರ, ಪ್ಲಾಸ್ಟಿಕ್ ಒಟ್ಟಿಗೆ ಬರುತ್ತಿದ್ದವು. ನಮ್ಮ ಊರಿಗೆ ಅಷ್ಟು ಸಾಲದು. ಮರವನ್ನೇ ಮೂರು ಮಾಡಬೇಕು: ಏನೂ ಹಚ್ಚದ ಮರ, ಬಣ್ಣ ಹಚ್ಚಿದ ಮರ, ಅಂಟು ಹಾಕಿ ಮಾಡಿದ ಹಲಗೆ. ನಾನು ಇದಕ್ಕೆ ಹಟ ಹಿಡಿಯಲು ದಾವಣಗೆರೆಯಲ್ಲೇ ಇರುವ ಕಾರಣ ಇದೆ. ಇಲ್ಲಿ ಸೌದೆ ಒಲೆಯ ಮೇಲೆ ಬೆಣ್ಣೆ ದೋಸೆ ಹಾಕುವ ಹೋಟೆಲುಗಳಿವೆ, ಮಂಡಕ್ಕಿ ಭಟ್ಟಿಗಳಿವೆ, ಮದುವೆ ಮನೆ ಅಡುಗೆಯಿದೆ. ಕೆಡವಿದ ಮನೆಯ ಸೌದೆ ಊಟದ ಒಲೆಗೇ ಹೋಗುತ್ತದೆ.

ಒಳ್ಳೆ ಸೌದೆ ಕೊಟ್ಟರೆ ಅದರಷ್ಟು ಚೆನ್ನಾಗಿರುವುದು ಇನ್ನೊಂದಿಲ್ಲ. ಹೊಸದಾಗಿ ಕಡಿದ ಹಸಿ ಮರದ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ. ಬೆಂಕಿ ಮೊದಲು ಆ ನೀರನ್ನು ಕುದಿಸಿ ಓಡಿಸಬೇಕು, ಅದಕ್ಕೇ ಅಷ್ಟು ಹೊಗೆ. ಮಾಳಿಗೆಯ ಕೆಳಗೆ ವರ್ಷಗಟ್ಟಲೆ ಒಣಗಿದ ಬೇವು, ಜಾಲಿಯ ತುಂಡಿಗೆ ಬೆಂಕಿ ತಾಗಿದರೆ ಸಾಕು ಹಿಡಿದುಕೊಳ್ಳುತ್ತದೆ, ಕೆಂಡವೂ ನಿಲ್ಲುತ್ತದೆ. ಗೆದ್ದಲು ತಿಂದ ತೊಲೆ ತುದಿ, ಹುಳ ಹಿಡಿದ ಜಂತೆ, ಬಿದಿರು ಹೀಗೆ ಹೋದವು. ಒಬ್ಬ ಹೋಟೆಲಿನವರು ತಾವೇ ಗಾಡಿ ತಂದು ಒಯ್ದರು.

ಬಣ್ಣದ ಮರದ ವಿಷಯ ಬೇರೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಎಣ್ಣೆ ಬಣ್ಣದಲ್ಲಿ ಸೀಸ ಎಷ್ಟಿದೆಯೋ ನೋಡಿದರೆ ತಿಳಿಯದು. ಇದೆ ಅಂದುಕೊಂಡೇ ನಡೆಯಬೇಕು. ಸುಟ್ಟರೆ ಸೀಸ ಹೊಗೆಯಲ್ಲೂ ಹೋಗುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯಲ್ಲಿ ಪಾತ್ರೆ ತಿಕ್ಕುವವರಿದ್ದಾರೆ, ಸೊಪ್ಪಿನ ಮಡಿಗೆ ಹಾಕುವವರಿದ್ದಾರೆ. ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ, ಇಷ್ಟಾದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಿರುವಾಗ ಸೌದೆ ತೂಕಕ್ಕೆ ಇರಲಿ ಅಂತ ಎರಡು ಕಿಟಕಿ ಬಾಗಿಲು ಸೇರಿಸಿ ಕಳಿಸುವುದು ನನಗೆ ಸಣ್ಣ ತಪ್ಪಾಗಿ ಕಾಣುವುದಿಲ್ಲ.

ಬಣ್ಣದ ಕಿಟಕಿ ಬಾಗಿಲುಗಳನ್ನು ಒಡೆಯದೆ ಇದ್ದ ಹಾಗೇ ಇನ್ನೊಂದು ಕಡೆಗೆ ಕೊಟ್ಟೆವು. ನಡುವಣ್ಣನ ಹೊಲದ ಪಂಪ್‌ಸೆಟ್ ಮನೆಗೆ ಎರಡು, ಗೊಬ್ಬರದ ಚೀಲ ಇಡುವ ಶೆಡ್ಡಿಗೆ ಒಂದು. ಒಣ ಬಣ್ಣವನ್ನು ಉಪ್ಪು ಕಾಗದದಲ್ಲಿ ಉಜ್ಜಬೇಡಿ, ಆ ಪುಡಿ ಮೂಗಿಗೆ ಹೋಗುತ್ತದೆ ಅಂತ ಕೂಡಿಸುವವರಿಗೆ ಹೇಳಿದೆವು. ಸಡಿಲ ಬಣ್ಣ ನೀರು ಹಾಕಿ ಕೆರೆದು, ಕೆರೆದದ್ದನ್ನು ಕಾಗದದಲ್ಲಿ ಸುತ್ತಿ ತೆಗೆದಿಟ್ಟರು. ಮೇಲೆ ಹೊಸ ಬಣ್ಣ ಹೊಡೆದರು.

ಒಳ್ಳೆ ಮರದ ಹಂಚಿಕೆ ಮನೆಯವರ ಇಷ್ಟಕ್ಕೆ ಬಿಟ್ಟದ್ದು. ಮತ್ತಿ ತೊಲೆಗಳಿಂದ ಹೊಸ ಮನೆಯ ಒಳಬಾಗಿಲ ಚೌಕಟ್ಟುಗಳಾದವು. ಮುಂಬಾಗಿಲು ಹೊಸ್ತಿಲ ಸಮೇತ ಅದೇ. ಕಂಬಗಳಲ್ಲಿ ಎರಡು ಮುಂದಿನ ವರಾಂಡಕ್ಕೆ ಬಂದವು. ಭಾರ ಹೊರುವ ಕೆಲಸಕ್ಕೆ ಹಳೇ ಮರ ಬೇಡ ಅಂತ ನಾನೇ ತಡೆದೆ. ಅಷ್ಟು ವರ್ಷ ಮಣ್ಣು ಹೊತ್ತ ತೊಲೆ ಬಾಗಿರುತ್ತದೆ, ಒಳಗಿನ ಬಿರುಕು ಹೊರಗೆ ಕಾಣುವುದಿಲ್ಲ. ವರಾಂಡದ ಚಾವಣಿಯನ್ನು ಕಾಂಕ್ರೀಟ್ ತೊಲೆ ಹೊರುತ್ತದೆ, ಕಂಬ ಅಂದಕ್ಕೆ ನಿಂತಿದೆ. ಉಳಿದೆರಡು ಕಂಬ ಹಳೇ ಮರದ ಅಂಗಡಿಗೆ ಮಾರಾಟವಾದವು. ಜೆಸಿಬಿ ಗುತ್ತಿಗೆದಾರರು ಇಡೀ ಮನೆಯ ಮರಕ್ಕೆ ಕೊಡುತ್ತೇನೆ ಅಂದಿದ್ದ ದುಡ್ಡಿಗಿಂತ ಆ ಎರಡರಿಂದಲೇ ಜಾಸ್ತಿ ಬಂತು. ಮಾರುವಾಗ ಮನೆಯ ಖಾತೆ ಪತ್ರದ ನಕಲು, ಕೆಡವುವ ಮೊದಲಿನ ಫೋಟೋ ಜೊತೆಗೆ ಕೊಟ್ಟೆವು. ಸಾಗುವಾನಿ ಗಾಡಿಯಲ್ಲಿ ಹೋಗುವಾಗ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ತೋರಿಸಲು ಏನಾದರೂ ಇರಬೇಕಲ್ವಾ.

ಹಿತ್ತಲು

ಬೇವಿನ ಮರ ಕಡಿಯುವ ಮಾತು ಬಂದಿತ್ತು. ಊರೊಳಗಿನ ಸ್ವಂತ ಜಾಗದ ಮರಕ್ಕೂ 1976ರ ಕರ್ನಾಟಕ ಮರ ಸಂರಕ್ಷಣೆ ಕಾಯ್ದೆ ಅನ್ವಯಿಸುತ್ತದೆ, ಅನುಮತಿ ಕೇಳಬೇಕಾಗುತ್ತದೆ ಅಂದೆ. ನಕ್ಷೆಯಲ್ಲಿ ಸ್ನಾನದ ಮನೆಯನ್ನು ನಾಲ್ಕು ಅಡಿ ಸರಿಸಿದಾಗ ಕಡಿಯುವ ಅಗತ್ಯವೇ ಬೀಳಲಿಲ್ಲ. ಮರ ಈಗಲೂ ಅಲ್ಲೇ ಇದೆ.

ಬಳ್ಳಾರಿ ಜಾಲಿಯನ್ನು ಮಾತ್ರ ಬುಡಸಮೇತ ತೆಗೆಯಲೇಬೇಕು. ನೆಲದ ಮಟ್ಟಕ್ಕೆ ಕಡಿದರೆ ಒಂದು ಮಳೆಗೆ ಮತ್ತೆ ಪೊದೆಯಾಗುತ್ತದೆ. ಬುಡದ ಗಂಟನ್ನು ಮಣ್ಣೊಳಗಿಂದ ಅಗೆದು ತೆಗೆದರು. ದಪ್ಪ ಕೊಂಬೆಗಳು ಒಳ್ಳೆ ಸೌದೆ, ಇದ್ದಿಲಿಗೂ ಆಗುತ್ತದೆ, ಆದರೆ ಒಣಗಲು ತಿಂಗಳುಗಟ್ಟಲೆ ಬೇಕು. ಅವನ್ನು ಮನೆಯ ಒಣಮರದ ಜೊತೆ ಬೆರೆಸಲಿಲ್ಲ. ಸಣ್ಣ ರೆಂಬೆಗಳನ್ನು ಕಿರಿಯ ತಮ್ಮನ ಮಾವನವರು ಚನ್ನಗಿರಿ ಕಡೆಯ ತಮ್ಮ ಅಡಿಕೆ ತೋಟಕ್ಕೆ ಕೇಳಿದರು. ತೋಟದಲ್ಲಿ ಸೋಗೆ ಕತ್ತರಿಸುವ ಟ್ರ್ಯಾಕ್ಟರ್ ಯಂತ್ರ ಇತ್ತು. ಮುಳ್ಳು ಮತ್ತು ಕಾಯಿ ಎರಡನ್ನೂ ನೋಡಿಕೊಳ್ಳಬೇಕಿತ್ತು: ಮುಳ್ಳು ಟೈರಿಗೆ ಕುತ್ತು, ಕಾಯಿ ಹೋದರೆ ತೋಟದಲ್ಲೇ ಜಾಲಿ ಹುಟ್ಟುತ್ತದೆ. ಕಾಯಿ ಉದುರಿಸಿ ಆಮೇಲೆ ಕಳಿಸಿದೆವು. ಚೂರು ಮಾಡಿದ್ದನ್ನು ಮರದ ಸುತ್ತ ನೆಲದ ಮೇಲೆ ಹಾಸಬೇಕು, ಮಣ್ಣಿನೊಳಗೆ ಬೆರೆಸಬಾರದು. ಮರದಲ್ಲಿ ಇಂಗಾಲ ತೀರಾ ಜಾಸ್ತಿ, ಸಾರಜನಕ ಕಡಿಮೆ. ಒಳಗೆ ಬೆರೆಸಿದರೆ ಅದನ್ನು ಕೊಳೆಯಿಸುವ ಜೀವಿಗಳು ಮಣ್ಣಿನ ಸಾರಜನಕವನ್ನೇ ತಿನ್ನುತ್ತವೆ, ಗಿಡ ಹಳದಿಯಾಗುತ್ತದೆ. ಮೇಲೆ ಹಾಸಿದರೆ ಪಸೆ ಉಳಿಯುತ್ತದೆ, ಕಳೆ ಕಡಿಮೆ.

ದಾರಿ ಸಿಗದ ಹಲಗೆ

ಪ್ಲೈವುಡ್, ಸನ್‌ಮೈಕಾ ಕಪಾಟು ಕೊನೆಗೆ ಉಳಿದವು. ಪ್ಲೈವುಡ್ಡಿನ ಪದರಗಳನ್ನು ಹಿಡಿದಿರುವುದು ಫಾರ್ಮಾಲ್ಡಿಹೈಡ್ ಸೇರಿದ ಅಂಟು. ಸುಟ್ಟರೆ ಕಣ್ಣು, ಗಂಟಲು ಉರಿಸುವ ವಿಷದ ಗಾಳಿ ಬರುತ್ತದೆ. ಒಲೆಗೆ ಕೊಡುವಂತಿಲ್ಲ, ತೋಟಕ್ಕೆ ಹಾಕುವಂತಿಲ್ಲ, ಸಾಮಿಲ್ಲಿಗೆ ಬೇಡ. ಗಟ್ಟಿ ಇದ್ದ ಹಲಗೆಗಳು ಸೈಟಿನಲ್ಲಿ ಸಿಮೆಂಟ್ ಚೀಲ ಇಡುವ ಅಟ್ಟಣಿಗೆಗೆ, ಕಾಂಕ್ರೀಟ್ ಕಲಸುವ ಜಾಗಕ್ಕೆ ಬಂದವು. ನೀರಿಗೆ ಉಬ್ಬಿ ಪದರ ಬಿಟ್ಟವುಗಳನ್ನು ಒಂದು ಕಡೆ ಕಟ್ಟಿಟ್ಟು ಪಾಲಿಕೆಯ ಕಸದ ಗಾಡಿಗೆ ಬೇರೆಯಾಗಿಯೇ ಕೊಟ್ಟೆವು. ಅಲ್ಲಿಂದ ಮುಂದೆ ಅವು ಮತ್ತೆ ಹಲಗೆಯಾಗುವ ದಾರಿ ನಮ್ಮ ಕೈಗೆ ಸಿಗಲಿಲ್ಲ. ಇದು ನನಗೆ ಸಮಾಧಾನ ಕೊಡದ ಭಾಗ. ಮಾಳಿಗೆ ಮನೆಗಳು ಮುಗಿದ ಮೇಲೆ ಕೆಡವುವ ಮನೆಗಳಲ್ಲಿ ಸಿಗುವುದು ಇಂಥ ಹಲಗೆಯೇ ಹೆಚ್ಚು.

ಹೊಸ ಮನೆಯ ಕಾಂಕ್ರೀಟ್ ಸುರಿಯಲು ಅಡಿಗೆ ಕಟ್ಟುವ ಸೆಂಟ್ರಿಂಗ್ ಹಲಗೆಗೂ ಇದೇ ತೊಂದರೆ ಬರುತ್ತದೆ. ಕಾಂಕ್ರೀಟ್ ಅಂಟಬಾರದು ಅಂತ ಗಾಡಿಯ ಸುಟ್ಟ ಎಣ್ಣೆ ಬಳಿಯುತ್ತಾರೆ. ಕೆಲಸ ಮುಗಿದ ಮೇಲೆ ಆ ಹಲಗೆ ಚೂರುಗಳನ್ನು ಆಳುಗಳು ಸಂಜೆ ಅಡುಗೆಗೆ ಒಯ್ಯುತ್ತಾರೆ. ಈ ಸೈಟಿನಲ್ಲಿ ಅದನ್ನು ನಿಲ್ಲಿಸಲು ಸುಮ್ನೆ ಬೇಡ ಅಂದರೆ ಆಗುತ್ತಿರಲಿಲ್ಲ. ಹಳೇ ಜಂತೆಯ ಒಳ್ಳೆ ಸೌದೆಯಲ್ಲಿ ಒಂದು ಪಾಲು ಅವರಿಗೇ ಅಂತ ತೆಗೆದಿಟ್ಟೆವು.

ಮುಂದಿನ ಕೆಲಸ ನಿಟ್ಟುವಳ್ಳಿ ಕಡೆ ಇದೆ. ಅಲ್ಲಿ ಮಾಳಿಗೆ ಇಲ್ಲ, ಹಂಚಿನ ಮನೆ, ಒಳಗೆಲ್ಲ ಪ್ಲೈವುಡ್. ಕರಾರಿಗೆ ಮೂರು ಸಾಲು ಸೇರಿಸಿದ್ದೇವೆ. ಸೀಳದೆ ಇಳಿಸಿದ ರೀಪರ್ (ಹಂಚು ಕೂರುವ ಮರದ ಪಟ್ಟಿ) ಮತ್ತು ತೊಲೆಗೆ ಆಳುಗಳಿಗೆ ಘನ ಅಡಿ ಲೆಕ್ಕದ ದುಡ್ಡು. ಬಣ್ಣದ ಮರ, ಪ್ಲೈವುಡ್ ಸೌದೆ ಗಾಡಿಗೆ ಹತ್ತಿದರೆ ಮೇಸ್ತ್ರಿಯ ಬಿಲ್ಲಿನಲ್ಲಿ ಕಡಿತ. ಕಪಾಟುಗಳನ್ನು ಒಡೆಯದೆ ಸ್ಕ್ರೂ ಬಿಚ್ಚಿ ಇಳಿಸಬೇಕು, ಬೇಕಾದವರು ಇದ್ದ ಹಾಗೇ ಒಯ್ಯಲು ಹದಿನೈದು ದಿನ ಸೈಟಿನಲ್ಲಿ ಇಡಬೇಕು. ಮೇಸ್ತ್ರಿ ಮೊದಲೆರಡಕ್ಕೆ ಒಪ್ಪಿದ್ದಾರೆ. ಮೂರನೆಯದಕ್ಕೆ ಜಾಗ ಎಲ್ಲಿದೆ ತೋರಿಸಿ ಅನ್ನುತ್ತಿದ್ದಾರೆ, ಪಕ್ಕದ ಖಾಲಿ ಸೈಟಿನವರ ಹತ್ತಿರ ಮಾತು ನಡೆದಿದೆ.